ಭಾವುಬೀಜದ ಬೊಟ್ಟು

ಹಣೆಯನ್ನು ಮುಂದೆ ಚಾಚಿ ಯಜ್ಞೇಶ್ವರ ಕಣ್ಣು ಮುಚ್ಚಿಕೊಂಡ. ಮುಂಬಯಿ ಬಳಿಯ ಡೊಂಬಿವಲಿಗೆ ಬಂದ ಮೇಲೆ ನೆರೆಯ ಮರಾಠಿಯವರಿಂದ ಕಲಿತ ಹಬ್ಬವಿದು. ಪ್ರತಿ ಭಾವುಬೀಜಕ್ಕೂ ಅಕ್ಕ ಸುಗುಣಾ ಬಂದು, ಅವನ ಹಣೆಗೆ ಬೆರಳಿನಿಂದ ಕುಂಕುಮ ಹಚ್ಚಿ ಆರತಿ ಎತ್ತುತ್ತಿದ್ದಳು. ಹೋದ ವರ್ಷ ತನ್ನದೊಂದು ಕಿಡ್ನಿಯನ್ನೇ ಅವನಿಗೆ ಕೊಟ್ಟವಳು.

ಈ ಸಲ ಅವನ ಮೂಗು, ಹಣೆಯ ತುಂಬ ಮುಳ್ಳಿನಂಥ ಗುಳ್ಳೆಗಳು. ಯಾವುದೋ ವೈರಸ್ಸು, ಕಿಡ್ನಿ ಉಳಿಸುವ ಗುಳಿಗೆಗಳೇ ಅದಕ್ಕೆ ದಾರಿ ಬಿಟ್ಟಿವೆ ಎಂದ ಡಾಕ್ಟರಿಗೂ ಅದರ ಹೆಸರು ಗೊತ್ತಿರಲಿಲ್ಲ; ಅದು ಎಂಬತ್ತೈದನೆಯ ಇಸವಿ. ಅವನದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಈಗ ಬೇರೆಯವರು ಕೂರುತ್ತಿದ್ದರು. ತಿಂಗಳುಗಳಿಂದ ಅವನನ್ನು ಯಾರೂ ಮುಟ್ಟಿರಲಿಲ್ಲ.

ಬೆಂಕಿಪೊಟ್ಟಣ ತೆರೆದ ಸದ್ದಾಯಿತು. ದೀಪ ಆರಿತೇನೋ ಎಂದುಕೊಂಡ. ಆಮೇಲೆ ಹಣೆಗೆ ತಾಗಿದ್ದು ಬೆರಳಲ್ಲ, ಕಡ್ಡಿಯ ತುದಿ.

"ಬೇಜಾರು ಮಾಡಬೇಡ ಮಾರಾಯ," ಸುಗುಣಾ ಅಂದಳು. "ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಲ್ಲ."

"ಅಡ್ಡಿಲ್ಲ ಅಕ್ಕ. ಕಡ್ಡಿಯಲ್ಲಾದ್ರೆ ಬೊಟ್ಟು ಗುಂಡಗೆ ಬರ್ತದೆ."

ಕಣ್ಣು ತೆರೆಯದೆ, ಅಂಗಿಯ ಮೇಲಿಂದಲೇ ಕಿಬ್ಬೊಟ್ಟೆಯ ಹೊಲಿಗೆಯ ಗುರುತಿಗೆ ಅಂಗೈ ಒತ್ತಿಕೊಂಡ. ಅಲ್ಲಿ ಅಕ್ಕ ಬೆಚ್ಚಗಿದ್ದಳು.