ಎರಡನೆಯ ಸೀಸೆ

ಕೆಮ್ಮಿನ ಔಷಧದ ಖಾಲಿ ಸೀಸೆಯನ್ನೂ ಅಜ್ಜಿ ಎಸೆಯಗೊಡುವುದಿಲ್ಲ ಎಂದು ಕಾಂದಿವಲಿಯ ಈ ಮನೆಯಲ್ಲಿ ನೀವು ನಗುತ್ತೀರಿ, ಮಕ್ಕಳೇ.

ನಾನು ಚಿಕ್ಕವಳಿದ್ದಾಗ, ಯುದ್ಧಕ್ಕೆ ಹೆದರಿ ಊರು ಬಿಟ್ಟು ಬಂದ ಬಂಗಾಲಿಗಳ ಕ್ಯಾಂಪು ನಮ್ಮೂರ ಪಕ್ಕದಲ್ಲಿತ್ತು. ಅಲ್ಲಿಗೆ ಪುಕ್ಕಟೆ ಔಷಧದ ಜೀಪು ಬರುತ್ತಿತ್ತು. ಸೀಸೆ ಮಾತ್ರ ನಾವೇ ಒಯ್ಯಬೇಕು. ಅವ್ವ ಎರಡು ಕೊಟ್ಟು, "ಎರಡೂ ತುಂಬಿಸ್ಕೊಂಡು ಬಾ. ಒಂದು ಕಳಕೊಂಡರೂ ಮನಿಗೆ ಬರಬ್ಯಾಡ" ಎಂದಿದ್ದಳು.

ಸಾಲಿನಲ್ಲಿ ನನ್ನ ಮುಂದಿದ್ದ ಕ್ಯಾಂಪಿನ ಹುಡುಗಿಯ ಕಂಕುಳಲ್ಲಿ ಅವಳ ತಮ್ಮ ಕೆಮ್ಮುತ್ತಿದ್ದ. "ಸೀಸೆ ಇಲ್ಲೇನವ್ವಾ? ನನ್ನ ಟೊಪ್ಪಿಗ್ಯಾಗ ಹಾಕಲೇನು?" ಎಂದು ಕಾಂಪೌಂಡರ್ ನಕ್ಕ. ಅವಳು ತಿರುಗಿ ನನ್ನ ಕೈ ನೋಡಿದಳು. ನಾನು ಎರಡನ್ನೂ ಲಂಗದ ಮರೆಗೆ ಸರಿಸಿದೆ. ಅವಳು ಅಂಗೈಯಲ್ಲಿ ಹಾಕಿಸಿಕೊಂಡ ಒಂದು ಗುಟುಕನ್ನು ತಮ್ಮನಿಗೆ ಕುಡಿಸಿ, ಬೆರಳು ನೆಕ್ಕಿಸಿ ಹೋದಳು.

ಒಬ್ಬರಿಗೆ ಇಷ್ಟೇ ಎಂದು ಕಾಂಪೌಂಡರ್ ನನಗೆ ತುಂಬಿಸಿಕೊಟ್ಟಿದ್ದು ಒಂದೇ ಸೀಸೆ. ಇನ್ನೊಂದನ್ನು ಖಾಲಿಯೇ ಮನೆಗೆ ತಂದೆ.