ಹುಣಸೆಮರದ ಹತ್ತಿರ ನಿಲ್ಲಿಸಿ

"ಜೀಪಲ್ಲಿ ಎಡಗಡೆ ಕೂತ್ಕೊಳ್ಳಿ ಸಾರ್. ಎರಡನೇ ಕೆರೆ ದಾಟಿದ ಮೇಲೆ ಒಂದು ಹುಣಸೆಮರ ಬತ್ತದೆ. ಅಲ್ಲಿ ನಿಲ್ಲಿಸಿ ಫೋಟೋ ತಗೊಳ್ಳಿ."

ಕಾಡಂಚಿನ ಕಾಟೇಜಿಗೆ ಬಂದವರಿಗೆ ಸಫಾರಿಯನ್ನು ಗೊತ್ತುಮಾಡಿ ಕೊಡುವುದು ಅವನ ಕೆಲಸ. ಯಾರೇ ಬರಲಿ, ಆ ಮರವನ್ನು ಮಾತ್ರ ಬಿಡದೆ ಹೇಳುತ್ತಿದ್ದ.

"ನೀನೂ ಬಾರಯ್ಯ, ಒಂದು ಸೀಟು ಖಾಲಿ ಇದೆ" ಎಂದರು ಅತಿಥಿ.

"ನಾನು ಬರೋ ಹಂಗಿಲ್ಲ ಸಾರ್."

ಮಧ್ಯಾಹ್ನ ಅತಿಥಿ ಜೀಪಿನಿಂದ ಇಳಿದವರೇ ಮೊಬೈಲನ್ನು ಅವನ ಕೈಗೆ ತುರುಕಿದರು. ಫೋಟೋದಲ್ಲಿ ಹುಣಸೆಮರದ ಕೆಳಗೆ ಒಂದು ಹುಲಿ, ಕಲ್ಲಿನ ಕುಳಿಯಲ್ಲಿ ನಿಂತ ಮಳೆನೀರನ್ನು ನೆಕ್ಕುತ್ತಿತ್ತು.

"ಅಲ್ಲಿ ಮೊದಲು ಯಾವುದೋ ಆದಿವಾಸಿಗಳ ಹಾಡಿ ಇತ್ತಂತೆ, ಡ್ರೈವರ್ ಹೇಳಿದ. ಜನಾನ ಎಬ್ಬಿಸಿದ್ದು ಒಳ್ಳೇದೇ ಆಯ್ತು ಬಿಡು. ಇಲ್ಲದಿದ್ರೆ ಹುಲಿ ಬರ್ತಿತ್ತಾ?"

ಅವನು ಚಿತ್ರವನ್ನು ದೊಡ್ಡದು ಮಾಡುತ್ತ ಹೋದ. ಹುಲಿ ಪರದೆಯಿಂದ ಆಚೆ ಸರಿದು ಬರೀ ಕಲ್ಲು ಉಳಿಯಿತು.

"ಅಯ್ಯೋ, ಹುಲೀನೇ ಬಿಟ್ಟೆಯಲ್ಲೋ! ಆ ಕಲ್ಲಲ್ಲಿ ಏನು ನೋಡ್ತೀಯ?"

"ನಮ್ಮವ್ವನ ಒರಳುಕಲ್ಲು ಸಾರ್. ಎಬ್ಬಿಸಿದ ದಿನ ಲಾರೀಲಿ ಜಾಗ ಇಲ್ಲ ಅಂದ್ರು."