ಮುದಕವ್ವನ ಸಾಕ್ಷಿ

ಹಳಿಯಾಳ ಮುನಸಿಪಾಲಿಟಿಯ ಹಣಕಾಸು ಸಮಿತಿ ಕರೆಸಿದೆ ಎಂದಾಗ ಸೂಲಗಿತ್ತಿ ಮುದಕವ್ವ ಗಾಡಿ ಬೇಡವೆಂದು ನಡೆದೇ ಬಂದಳು. ಕಚೇರಿಯ ಮೆಟ್ಟಿಲುಗಳನ್ನು ಗೋಡೆ ಹಿಡಿದು ಒಂದೊಂದಾಗಿ ಹತ್ತಿದಳು. ಜವಾನ ಬೆಂಚು ತೋರಿಸಿದರೂ ಕೂರದೆ ಮೇಜಿನ ಮುಂದೆ ಹೋಗಿ ನಿಂತಳು. ಮೇಜಿನ ಆಚೆ ಕೂತಿದ್ದವರ ಮುಖಗಳು ಹಿಟ್ಟು ಬಳಿದಂತೆ ಕಂಡವು. ಕೆಮ್ಮಿನ ಮೇಲೆ ಅಧ್ಯಕ್ಷ ಕರಿಬಸಪ್ಪ ಸಾವುಕಾರನನ್ನೂ, ದನಿಯ ಮೇಲೆ ಅರಳೆ ವ್ಯಾಪಾರಿ ಚನಬಸಪ್ಪನನ್ನೂ, ಬಳೆಯ ಸದ್ದಿನ ಮೇಲೆ ಗುರುಸಿದ್ದವ್ವನನ್ನೂ ಗುರುತು ಹಿಡಿದಳು. ಮುನಸಿಪಾಲಿಟಿಯ ಸದಸ್ಯರಲ್ಲಿ ಆಗ ಇದ್ದ ಹೆಣ್ಣುಮಗಳು ಗುರುಸಿದ್ದವ್ವ ಒಬ್ಬಳೇ.

ಅದು ೧೯೩೯ನೇ ಇಸವಿ. ಕೈಯಲ್ಲಿದ್ದ ಹಣ ಒಂದೇ ಕೆಲಸಕ್ಕೆ ಸಾಲುವಂತಿತ್ತು, ಬೇಡಿಕೆ ಎರಡಿದ್ದವು. ಪೇಟೆಯ ನಡುವೆ ಗಡಿಯಾರದ ಗೋಪುರ ಬೇಕೆಂದು ಚನಬಸಪ್ಪ ಹಟ ಹಿಡಿದಿದ್ದ. ಅಳ್ನಾವರದ ರೈಲಿಗೆ ಹೋಗುವ ಕಟ್ಟಿಗೆ ಗಾಡಿಗಳು ಹೊತ್ತು ತಪ್ಪುತ್ತವೆ, ಶಾಲೆಯ ಗಂಟೆ ಮಾಸ್ತರರಿಗೆ ಮನಸ್ಸು ಬಂದಾಗ ಹೊಡೆಯುತ್ತದೆ ಎಂಬ ಅವನ ಮಾತೂ ಸುಳ್ಳಲ್ಲ. ಗುರುಸಿದ್ದವ್ವ ಕೇಳಿದ್ದು ಧಾರವಾಡದಿಂದ, ಹೆರಿಗೆ ಕೆಲಸ ಕಲಿತ ನರ್ಸಬಾಯಿಯೊಬ್ಬಳನ್ನು. ಕರಿಬಸಪ್ಪನ ಒಲವು ಗಡಿಯಾರದ ಕಡೆಗಿತ್ತು. ಮಾಘದಲ್ಲಿ ಹೆರಿಗೆಯಾಗಿ ತೀರಿಕೊಂಡ ಹಿರಿಯ ಸೊಸೆ ನೀಲಕ್ಕನ ಹೆಸರು ಗೋಪುರಕ್ಕೆ ಇಡುವುದಾದರೆ ಕಲ್ಲನ್ನೆಲ್ಲ ತಾನೇ ಕೊಡುತ್ತೇನೆ ಎಂದಿದ್ದ.

ಹಿಂದಿನ ದಿನ ಚನಬಸಪ್ಪ ಮುದಕವ್ವನ ಗುಡಿಸಲಿಗೆ ಬಂದು ಕೂತಿದ್ದ. ನರ್ಸಬಾಯಿ ಬಂದಳೆಂದರೆ ನಿನ್ನನ್ನು ಯಾರೂ ಕರೆಯುವುದಿಲ್ಲ, ಹೆರಿಗೆಗೆ ಸಿಗುವ ಸೇರು ಅಕ್ಕಿ, ಕುಪ್ಪಸದ ಖಣ ಎಲ್ಲ ನಿಂತುಹೋಗುತ್ತದೆ, ಆದ್ದರಿಂದ ಸಮಿತಿಯ ಮುಂದೆ ಬಂದು ನಾಲ್ಕು ಮಾತು ಹೇಳು ಎಂದು ತಿಳಿಸಿ ಹೇಳಿದ್ದ. ಅವನಿಗೆ ತನ್ನ ಮೇಲೆ ನಿಜವಾಗಿಯೂ ಮರುಕವಿದೆ ಎಂದು ಮುದಕವ್ವನಿಗೆ ಗೊತ್ತಾಗಿತ್ತು. ಬರ್ತೇನಿ ಎಂದಷ್ಟೇ ಹೇಳಿ ಕಳಿಸಿದ್ದಳು. ಮಾಘದಿಂದ ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತೊಂದಿತ್ತು. ಅದನ್ನು ಆಡಲು ಊರು ತಾನಾಗಿ ಕರೆದಿತ್ತು.

"ಆಯಿ, ಈ ಊರಾಗ ಎಷ್ಟು ಹೆರಿಗಿ ಮಾಡಿಸೀದಿ?" ಚನಬಸಪ್ಪ ಕೇಳಿದ.

"ಲೆಕ್ಕ ಇಟ್ಟಿಲ್ಲಪಾ. ನೀನೂ ನನ್ನ ಕೈಯಾಗ ಹುಟ್ಟಿದಾಂವ."

"ಹಂಗಾರ ಧಾರವಾಡದಾಕಿ ಯಾಕ ಬೇಕು? ನೀ ಅದೀಯಲ್ಲ. ಅದನ್ನ ಹೇಳು, ಕಾರಕೂನರು ಬರಕೋತಾರ."

"ನಾ ಇದ್ದೇನಿ ಅಂತನ ಆಕಿ ಬೇಕು," ಎಂದಳು ಮುದಕವ್ವ. ಆಮೇಲೆ ಮೇಜಿನ ನಡುವಿನ ಮುಖದ ಕಡೆಗೆ ತಿರುಗಿದಳು. "ಸಾವ್ಕಾರ್ರ, ನೀಲಕ್ಕನ ಹಣೇಬರಹ ಹಂಗಿತ್ತು ಅಂತ ಎಲ್ಲಾರೂ ಅಂದ್ರು. ಹಣೇಬರಹ ಅಲ್ರಿ ಅದು. ಕೂಸು ಹುಟ್ಟಿದ ಮ್ಯಾಲ ಮಾಸು ಪೂರ್ತಿ ಬಿತ್ತೋ ಇಲ್ಲೋ ನೋಡಬೇಕಾಗಿತ್ತು. ನನಗ ಕಾಣಲಿಲ್ಲ. ಕೈಲೆ ತಡವಿ, ಎಲ್ಲಾ ಬಿದ್ದೈತಿ ಅಂದೆ. ಒಂದು ತುಣುಕು ಒಳಗ ಉಳದಿತ್ತು. ಅದರಿಂದನ ಆಕಿ ಹೋದಳು. ನನ್ನ ಕಣ್ಣು ಮಂಜಾಗಿ ಎರಡು ವರ್ಷ ಆತು."

ಕಾರಕೂನನ ಲೇಖಣಿ ನಿಂತಿತು. ಬರಕೋರಿ ಎಂದು ಮುದಕವ್ವನೇ ಅವನಿಗೆ ಹೇಳಿದಳು. ಕುರ್ಚಿ ಹಿಂದೆ ಸರಿದ ಸದ್ದಾಯಿತು. ಕರಿಬಸಪ್ಪ ಎದ್ದು ಕಿಟಕಿಯ ಹತ್ತಿರ ಹೋದ. ಅವನು ಹೊಡೆದರೆ ಹೊಡೆಯಲಿ, ಊರು ಬಿಡು ಎಂದರೆ ಮುಂಡಗೋಡದ ಮಗಳ ಮನೆಗೆ ಹೋದರಾಯಿತು ಎಂದು ಅವಳು ಬರುವಾಗಲೇ ಗಟ್ಟಿ ಮಾಡಿಕೊಂಡಿದ್ದಳು.

"ಇದನ್ನ ಅವತ್ತ ಯಾಕ ಹೇಳಲಿಲ್ಲ?" ಕರಿಬಸಪ್ಪನ ದನಿ ಕಿಟಕಿಯ ಕಡೆಯಿಂದ ಬಂತು.

"ಹೆದರಿದ್ದೆರಿ. ಸುಳ್ಳ ಯಾಕ ಹೇಳಲಿ. ಮತ್ತ, ನಾ ಕಣ್ಣಿಲ್ಲ ಅಂತ ಮನ್ಯಾಗ ಕುಂತಿದ್ರ, ಮರುದಿನ ಬ್ಯಾನಿ ತಿನ್ನೂ ಹೆಣಮಗಳು ಯಾರನ್ನ ಕರೀಬೇಕಾಗಿತ್ತು?"

ಕರಿಬಸಪ್ಪ ಕಿಟಕಿ ಬಿಟ್ಟು ಬಂದು ಕೂತ. ನರ್ಸಬಾಯಿಯ ಬೇಡಿಕೆಗೆ ತನ್ನ ಒಪ್ಪಿಗೆ ಇದೆ ಎಂದು ಬರೆಯಿಸಿದ. ಚನಬಸಪ್ಪ ಏನೋ ಹೇಳಹೋಗಿ, ಮುದುಕಿಯ ಕಡೆ ನೋಡಿ, ತನ್ನದೂ ಒಪ್ಪಿಗೆ ಎಂದ. ಎಲ್ಲ ಕಾಗದ ಮೇಲಿನವರ ಕೈ ದಾಟಿ ನರ್ಸಬಾಯಿ ಬರುವಷ್ಟರಲ್ಲಿ ದೀಪಾವಳಿ ಆಗುತ್ತದೆ ಎಂದು ಕಾರಕೂನ ತಿಳಿಸಿದ.

ಮುದಕವ್ವ ಬಾಗಿಲಿಗೆ ಹೋಗಿದ್ದಳು. ಕರಿಬಸಪ್ಪ ಹಿಂದೆ ಬಂದು ನಿಂತ.

"ಶ್ರಾವಣಕ್ಕ ನಮ್ಮ ಸಣ್ಣ ಸೊಸಿಗೆ ದಿನಾ ತುಂಬತಾವು, ಆಯಿ."

ಬರಬೇಡ ಎನ್ನುತ್ತಾನೋ ಬಾ ಎನ್ನುತ್ತಾನೋ ಎಂದು ಅವಳು ಕಾದಳು. ಅವನು ಬಾಗಿಲು ಬಿಟ್ಟು ಕದಲದಿದ್ದಾಗ ಅವಳಿಗೆ ಅರ್ಥವಾಯಿತು. ನರ್ಸಬಾಯಿ ಬರುವುದು ದೀಪಾವಳಿಗೆ; ಶ್ರಾವಣದಲ್ಲಿ ಬೇರೆ ಯಾರಿದ್ದಾರೆ?

"ಬರ್ತೇನ್ರಿ," ಎಂದಳು. "ನಾ ಒಬ್ಬಾಕಿ ಬರೂದಿಲ್ಲ. ಕಣ್ಣಿದ್ದಾಕಿ ಒಬ್ಬಾಕಿ ನನ್ನ ಬಾಜೂಕ ಇರಬೇಕು. ಏನು ನೋಡಬೇಕು ಅಂತ ನಾ ಹೇಳ್ತೇನಿ, ಆಕಿ ನೋಡ್ಲಿ."

ಕಾಗದ ಮಡಚಿಕೊಂಡು ಹಿಂದೆಯೇ ಬಂದಿದ್ದ ಗುರುಸಿದ್ದವ್ವ, ಮುದುಕಿಯನ್ನು ಮೆಟ್ಟಿಲು ಇಳಿಸಲು ತನ್ನ ಕೈ ಕೊಟ್ಟಳು. ಮುದಕವ್ವ ಕೆಳಗೆ ಇಳಿದ ಮೇಲೂ ಆ ಕೈ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ತಡವಿ ನೋಡಿದಳು.

"ನನ್ನ ಬಾಜೂಕ ನಿಲ್ಲೂದಾದ್ರ ಮೊದಲ ಈ ಉಗುರು ತಗಸ್ರಿ, ಅಕ್ಕಾರ," ಎಂದಳು.